ಖರೀದಿಯ ಬಾಗಿಲು ಮುಚ್ಚದ ಸಂಸ್ಥೆ: ಕ್ಯಾಂಪ್ಕೋ ನಡೆದುಬಂದ ದಾರಿ

ಅಡಿಕೆಗೆ ಒಳ್ಳೆಯ ಧಾರಣೆ ಇಲ್ಲ ಎಂಬುದು ಒಂದು ಕಷ್ಟ. ಕೊಳ್ಳುವವರೇ ಇಲ್ಲ ಎಂಬುದು ಬೇರೆಯೇ ಕಷ್ಟ. 1970ರ ಆಸುಪಾಸಿನಲ್ಲಿ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಬೆಳೆಗಾರರು ಎರಡನ್ನೂ ಒಟ್ಟಿಗೆ ಕಂಡರು. ಧಾರಣೆ ಇಳಿಯುತ್ತ ಹೋಯಿತು, ಇನ್ನೂ ಇಳಿದೀತು ಎಂದು ವರ್ತಕರು ಕೈಕಟ್ಟಿ ಕುಳಿತರು. ಸುಲಿದು ಗೋಣಿಗೆ ತುಂಬಿಸಿದ ಅಡಿಕೆ ಅಟ್ಟದಲ್ಲೇ ಉಳಿಯಿತು. ಕೂಲಿ, ಗೊಬ್ಬರ, ಮಕ್ಕಳ ಫೀಸು, ಮನೆಯ ಮದುವೆ, ಸೊಸೈಟಿ ಸಾಲದ ಕಂತು ಎಲ್ಲವೂ ಆ ಒಂದು ಬೆಳೆಯ ದುಡ್ಡನ್ನೇ ನೆಚ್ಚಿಕೊಂಡಿದ್ದ ಮನೆಗಳವು. ಅಟ್ಟದಲ್ಲಿ ಬೆಳೆ ಇದ್ದೂ ಕೈಯಲ್ಲಿ ಕಾಸಿಲ್ಲದ ಆ ದಿನಗಳನ್ನು ಇಂದಿನ ಧಾರಣೆ ನೋಡಿ ಬೆಳೆದ ತಲೆಮಾರಿಗೆ ವಿವರಿಸುವುದು ಸುಲಭವಲ್ಲ. ಕ್ಯಾಂಪ್ಕೋ ಹುಟ್ಟಿದ್ದು ಆ ಸಂಕಟದಿಂದ. ಇಂದು ಕೇಂದ್ರೀಯ ಅಡಿಕೆ ಮತ್ತು ಕೊಕ್ಕೋ ಮಾರಾಟ ಹಾಗೂ ಸಂಸ್ಕರಣ ಸಹಕಾರಿ ಎಂಬ ಉದ್ದ ಹೆಸರಿನ ಈ ಸಂಸ್ಥೆ 1973ರ ಜುಲೈ 11ರಂದು ಮಂಗಳೂರಿನಲ್ಲಿ ಅಸ್ತಿತ್ವಕ್ಕೆ ಬಂತು.

ಸಹಕಾರ ಎಂದರೇನು ಎಂದು ಈ ಸೀಮೆಯ ಜನರಿಗೆ ಆಗ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. 1904ರಲ್ಲಿ ಬ್ರಿಟಿಷ್ ಸರಕಾರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ತಂದ ಮರುವರ್ಷವೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದ್ದರು. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ಆ ಕೆಲಸಕ್ಕೆ ಹೆಗಲು ಕೊಟ್ಟವರು ಪುತ್ತೂರಿನ ವಕೀಲ ಮೊಳಹಳ್ಳಿ ಶಿವರಾಯರು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಮೊದಲು ಶುರುವಾದದ್ದು ಪುತ್ತೂರಿನಲ್ಲಿ, 1914ರಲ್ಲಿ. ಮಂಗಳೂರಿಗೆ ಹೋದದ್ದು ಆಮೇಲೆ. ಹೀಗಾಗಿ 1970ರ ಹೊತ್ತಿಗೆ ಊರೂರಲ್ಲಿ ಸೊಸೈಟಿಗಳಿದ್ದವು. ಕೊಳೆರೋಗಕ್ಕೆ ಮೈಲುತುತ್ತು ಅಲ್ಲಿ ಸಿಗುತ್ತಿತ್ತು, ಬೆಳೆಸಾಲ ಅಲ್ಲಿ ಸಿಗುತ್ತಿತ್ತು, ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ರೂಢಿಯೂ ಇತ್ತು. ಕೊರತೆ ಇದ್ದದ್ದು ಬೇರೆ ಕಡೆ. ಬೆಳೆಯಲು ಸಾಲ ಕೊಡುವ ಸಂಘ ಇತ್ತು. ಬೆಳೆದದ್ದನ್ನು ಕೊಂಡು, ಉತ್ತರ ಭಾರತದ ಪೇಟೆಯ ತನಕ ಒಯ್ದು ಮಾರುವಷ್ಟು ತಾಕತ್ತಿನ ಸಂಘ ಇರಲಿಲ್ಲ. ಸಾಲ ಕೊಟ್ಟ ಸೊಸೈಟಿಗೂ ಕಂತು ಬರಬೇಕಾದದ್ದು ವರ್ತಕನ ಗಲ್ಲಾಪೆಟ್ಟಿಗೆಯಿಂದಲೇ.

ಇನ್ನೊಂದು ತೊಡಕು ಭೂಪಟದ್ದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಆದರೆ ಅಡಿಕೆ ತೋಟಕ್ಕೆ ಗಡಿ ಗೊತ್ತಿಲ್ಲ. ವಿಟ್ಲ, ಪೆರ್ಲ, ಬದಿಯಡ್ಕ, ಅಡ್ಯನಡ್ಕ ಇವೆಲ್ಲ ಒಂದೇ ಮಳೆ, ಒಂದೇ ರೋಗ, ಒಂದೇ ಪೇಟೆಯ ಊರುಗಳು. ಒಂದೇ ಕುಟುಂಬದ ಅಣ್ಣನ ತೋಟ ಈಚೆ, ತಮ್ಮನ ತೋಟ ಆಚೆ ಇರುವುದು ಇಲ್ಲಿ ಮಾಮೂಲು. ಕರ್ನಾಟಕದ 1959ರ ಸಹಕಾರ ಕಾಯ್ದೆಯ ಅಡಿಯಲ್ಲಿ ಸಂಘ ಕಟ್ಟಿದ್ದರೆ ಆಚೆಯವರು ಹೊರಗುಳಿಯುತ್ತಿದ್ದರು. ಒಂದು ರಾಜ್ಯದ ಸಂಘ ಖರೀದಿ ಮಾಡಿದರೆ ಇನ್ನೊಂದು ರಾಜ್ಯದ ಅಗ್ಗದ ಮಾಲು ಬಂದು ಅದನ್ನು ಮುಳುಗಿಸುವ ಭಯವೂ ಇತ್ತು. ಆದ್ದರಿಂದ ಸ್ಥಾಪಕರು ಎರಡು ರಾಜ್ಯಗಳಲ್ಲೂ ವ್ಯವಹಾರ ಮಾಡಬಲ್ಲ ಸಂಘವನ್ನೇ ಆರಿಸಿಕೊಂಡರು. ಎರಡೂ ಸರಕಾರಗಳು ಪಾಲು ಬಂಡವಾಳ ಕೊಟ್ಟವು. ಒಂದು ಬೆಳೆಯ ಜನ ರಾಜಕೀಯ ಗಡಿಯನ್ನು ದಾಟಿ ಒಂದೇ ಲೆಕ್ಕಪುಸ್ತಕಕ್ಕೆ ಬಂದರು. ಸಂಘದ ವ್ಯಾಪ್ತಿಯನ್ನು ಸರಕಾರಿ ಗಡಿಗೆ ತಕ್ಕಂತೆ ಹಾಕಿಕೊಳ್ಳದೆ ಪೇಟೆಯ ವ್ಯಾಪ್ತಿಗೆ ತಕ್ಕಂತೆ ಹಾಕಿಕೊಂಡದ್ದು ನನ್ನ ದೃಷ್ಟಿಯಲ್ಲಿ ಅವರ ಅತಿ ದೊಡ್ಡ ಜಾಣ್ಮೆ. ಊರಿಗೊಂದು, ತಾಲೂಕಿಗೊಂದು ಮಾರಾಟ ಸಂಘ ಮಾಡಿ, ಒಂದಕ್ಕೊಂದು ಪೈಪೋಟಿ ಮಾಡಿಸಿ, ಯಾವುದಕ್ಕೂ ಪೇಟೆಯಲ್ಲಿ ದನಿ ಇಲ್ಲದಂತಾದ ಕತೆ ಬೇರೆ ಬೆಳೆಗಳಲ್ಲಿ ಸಾಕಷ್ಟಿದೆ.

ಸ್ಥಾಪಕ ಅಧ್ಯಕ್ಷರಾದ ವಾರಣಾಶಿ ಸುಬ್ರಾಯ ಭಟ್ಟರು ಅಡ್ಯನಡ್ಕದ ಬಳಿಯ ವಾರಣಾಶಿಯ ಕೃಷಿಕರು. ಮಂಗಳೂರಿನ ಕೇಂದ್ರ ಕಚೇರಿಯ ಕಟ್ಟಡಕ್ಕೆ ಇಂದು ಅವರ ಮನೆತನದ ಹೆಸರಿದೆ. ಅವರು ಅಡಿಕೆ ಬೆಳೆದವರು, ಅದನ್ನು ಮಾರುವ ಕಷ್ಟ ಸ್ವತಃ ಅನುಭವಿಸಿದವರು. ಇದನ್ನು ಹೊಗಳಿಕೆಯ ಮಾತಾಗಿ ಹೇಳುತ್ತಿಲ್ಲ, ಆಡಳಿತದ ವಿಷಯವಾಗಿ ಹೇಳುತ್ತಿದ್ದೇನೆ. ಧಾರಣೆ ನಿಗದಿ ಮಾಡುವ ಕುರ್ಚಿಯಲ್ಲಿ ಕುಳಿತವನ ಸ್ವಂತ ಅಡಿಕೆಯೂ ಅದೇ ಧಾರಣೆಗೆ ತೂಗಬೇಕು. ಆಗ ಆತ ಬೆಳೆಗಾರನಿಗೆ ಅನ್ಯಾಯವಾಗುವಷ್ಟು ಕೆಳಗಿನ ದರ ಹಾಕುವುದಿಲ್ಲ. ಸಂಸ್ಥೆ ಮುಳುಗಿದರೆ ಮುಂದಿನ ವರ್ಷ ತನಗೇ ಕೊಳ್ಳುವವರಿಲ್ಲ ಎಂದು ಗೊತ್ತಿರುವುದರಿಂದ ಚಪ್ಪಾಳೆಗಾಗಿ ಮೇಲಿನ ದರವನ್ನೂ ಹಾಕುವುದಿಲ್ಲ. ಆಡಳಿತ ಮಂಡಳಿಯಲ್ಲಿ ಬೆಳೆಯ ಸಂಬಂಧವೇ ಇಲ್ಲದವರು ಬಂದು ಕುಳಿತ ಸಂಘಗಳಲ್ಲಿ ಮೊದಲು ಹಾಳಾಗುವುದು ಈ ತೂಕ.

ಸಂಸ್ಥೆಯ ಮೇಲಿನ ನಂಬಿಕೆ ಹುಟ್ಟುವುದೂ ಸಾಯುವುದೂ ಖರೀದಿ ಕೇಂದ್ರದಲ್ಲಿ. ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕರಾವಳಿಯ ಚಾಲಿ ಅಡಿಕೆ ಮರದಲ್ಲೇ ಹಣ್ಣಾಗಿ, ಕೊಯ್ಲಾಗಿ, ಅಂಗಳದಲ್ಲಿ ಒಂದೂವರೆ ತಿಂಗಳಷ್ಟು ಬಿಸಿಲು ತಿಂದು, ಸಿಪ್ಪೆ ಸುಲಿಸಿಕೊಂಡು ಗೋಣಿ ಸೇರುತ್ತದೆ. ಬಿಸಿಲು ನಾಲ್ಕು ದಿನ ಕಡಿಮೆಯಾದರೆ, ಅಕಾಲದ ಮಳೆಗೆ ಒಮ್ಮೆ ತೋಯ್ದರೆ, ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಕಂದು ತಿರುಗಿರುತ್ತದೆ. ಖರೀದಿ ಮಾಡುವವನು ಗೋಣಿಯ ಬಾಯಿ ಬಿಚ್ಚಿ ಒಂದು ಹಿಡಿ ತೆಗೆಯುತ್ತಾನೆ, ಅಂಗೈಯಲ್ಲಿ ಆಡಿಸಿ ಸದ್ದು ಕೇಳುತ್ತಾನೆ, ಒಂದೆರಡನ್ನು ಅಡಕತ್ತರಿಯಲ್ಲಿ ಹೋಳು ಮಾಡಿ ತಿರುಳು ನೋಡುತ್ತಾನೆ. ಹೊಸ ಅಡಿಕೆಯೋ ಹಳೆಯದೋ, ಸಿಂಗಲ್ ಚೋಲೋ ಡಬ್ಬಲ್ ಚೋಲೋ. ಆರಿಸಿ ತೆಗೆದದ್ದು ಪಟೋರಕ್ಕೋ ಉಳ್ಳಿಗೋ ಕರಿಗೋಟಿಗೋ ಎಂಬ ತೀರ್ಮಾನ ಕೆಲವೇ ನಿಮಿಷದಲ್ಲಿ ಆಗಿಬಿಡುತ್ತದೆ. ಒಂದು ದರ್ಜೆ ಕೆಳಗಿಳಿದರೆ ಕಿಲೋಗೆ ಹತ್ತಾರು ರೂಪಾಯಿ ಹೋಯಿತು. ವರ್ಷದ ದುಡಿಮೆಯ ಮೇಲೆ ಇನ್ನೊಬ್ಬನ ಕಣ್ಣು ಕೊಡುವ ತೀರ್ಪು ಇದು.

ಸಹಕಾರಿ ಬರುವ ಮುಂಚೆ ಈ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ಮಳೆಗಾಲದಲ್ಲಿ ಮುಂಗಡ ಪಡೆದ ಬೆಳೆಗಾರ ಬೇಸಗೆಯಲ್ಲಿ ಅದೇ ಅಂಗಡಿಗೆ ಮಾಲು ಹಾಕಬೇಕು, ಅವರು ಹೇಳಿದ ದರ್ಜೆ, ಅವರು ಹಿಡಿದ ತಕ್ಕಡಿ, ಅವರು ಮುರಿದುಕೊಂಡ ಕಡಿತ. ಕ್ಯಾಂಪ್ಕೋ ಮಾಡಿದ್ದು ಕೇಳಲು ತೀರ ಸರಳವಾದ ಕೆಲಸ: ಆಯಾ ದರ್ಜೆಯ ಅಂದಿನ ಧಾರಣೆಯನ್ನು ಎಲ್ಲರಿಗೂ ತಿಳಿಯುವಂತೆ ಮೊದಲೇ ಹೇಳಿತು, ತೂಗಿದ್ದಕ್ಕೆ ಚೀಟಿ ಕೊಟ್ಟಿತು, ದುಡ್ಡನ್ನು ಕಾಯಿಸದೆ ಕೊಟ್ಟಿತು. ಅಲ್ಲಿಗೆ ಇಡೀ ಪೇಟೆಯ ನಡವಳಿಕೆ ಬದಲಾಯಿತು. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಇಂದಿಗೂ ಬೆಳೆಗಾರ ತನ್ನ ಅಡಿಕೆಯನ್ನು ಖಾಸಗಿ ಅಂಗಡಿಗೆ ಹಾಕುವ ದಿನವೂ ಮೊದಲು ಕೇಳುವ ಪ್ರಶ್ನೆ "ಕ್ಯಾಂಪ್ಕೋದಲ್ಲಿ ಎಷ್ಟು?" ಎಂಬುದೇ. ಬೆಳೆದ ಅಡಿಕೆಯನ್ನೆಲ್ಲ ಸಂಸ್ಥೆ ಕೊಳ್ಳುತ್ತಿಲ್ಲ, ಕೊಳ್ಳುವುದು ಒಂದು ಪಾಲನ್ನು ಮಾತ್ರ. ಆದರೆ ಅದು ಕೊಳ್ಳಲು ತಯಾರಿರುವ ದರಕ್ಕಿಂತ ತೀರ ಕೆಳಗೆ ಇಳಿಯುವ ಧೈರ್ಯ ಯಾರಿಗೂ ಇರುವುದಿಲ್ಲ. ಸದಸ್ಯನಲ್ಲದವನಿಗೂ, ಒಂದು ಕಿಲೋವನ್ನೂ ಕ್ಯಾಂಪ್ಕೋಗೆ ಹಾಕದವನಿಗೂ ಇದರ ಲಾಭ ಸಿಕ್ಕಿದೆ.

ದರ್ಜೆ ನಿರ್ಧರಿಸುವ ನೌಕರನ ಬಗ್ಗೆ ಎರಡು ಮಾತು ಹೇಳಲೇಬೇಕು. ಪಾರಿತೋಷಕ, ಸನ್ಮಾನಗಳು ಸಹಜವಾಗಿ ಅಧ್ಯಕ್ಷರಿಗೆ, ನಿರ್ದೇಶಕರಿಗೆ ಸಲ್ಲುತ್ತವೆ. ಆದರೆ ಸಂಸ್ಥೆಯ ಹಣೆಬರಹ ಬರೆಯುವವನು ಶಾಖೆಯಲ್ಲಿ ಗೋಣಿಯ ಮುಂದೆ ನಿಂತ ಈ ಮನುಷ್ಯ. ಪರಿಚಯದವರ ಕೆಟ್ಟ ಮಾಲಿಗೆ ಒಳ್ಳೆಯ ದರ್ಜೆ ಹಾಕಿದರೆ ನಷ್ಟ ಸಂಸ್ಥೆಗೆ; ಬಡ ಬೆಳೆಗಾರನ ಒಳ್ಳೆಯ ಮಾಲನ್ನು ಕೆಳಗಿಳಿಸಿದರೆ ನಷ್ಟ ನಂಬಿಕೆಗೆ. ಎರಡನೆಯ ನಷ್ಟ ಯಾವ ಆಡಿಟ್ ವರದಿಯಲ್ಲೂ ಕಾಣಿಸುವುದಿಲ್ಲ. ಈ ಕೆಲಸಕ್ಕೆ ಜನ ತಯಾರಾಗಲು ವರ್ಷಗಳು ಬೇಕು. ಚುನಾವಣೆ ಮುಗಿದ ಮರುದಿನ ತಮ್ಮವರನ್ನು ತುಂಬಿಸುವ ಜಾಗ ಇದಲ್ಲ ಎಂದು ಅರಿತ ಸಂಘಗಳು ಬದುಕಿವೆ, ಅರಿಯದವು ಬಾಗಿಲು ಹಾಕಿವೆ.

ಕೊಂಡದ್ದನ್ನು ಮಾರಬೇಕಲ್ಲ. ಅಡಿಕೆ ಬೆಳೆಯುವುದು ಇಲ್ಲಿ. ಚಾಲಿಯನ್ನು ತಿನ್ನುವುದು ಬಹುಪಾಲು ಗುಜರಾತ್, ಮಹಾರಾಷ್ಟ್ರ, ಮಧ್ಯಪ್ರದೇಶ, ಉತ್ತರ ಪ್ರದೇಶಗಳಲ್ಲಿ. ಗಾತ್ರಕ್ಕೆ ತಕ್ಕಂತೆ ಮೋಟಿ, ಶ್ರೀವರ್ಧನ, ಜಾಮ್‌ನಗರ, ಜೀನಿ ಎಂದು ಗಾರ್ಬಲ್ ಮಾಡಿ ಕಳಿಸಬೇಕು. ಅಲ್ಲಿಯ ವರ್ತಕರಿಗೆ ನೂರಾರು ವರ್ಷದ ಸಂಪರ್ಕ ಜಾಲವಿದೆ. ಮಂಗಳೂರಿನ ಒಂದು ಹೊಸ ಸಹಕಾರಿ ಅಲ್ಲಿಗೆ ಹೋಗಿ ತನ್ನದೇ ಮಾರಾಟ ಡಿಪೋಗಳನ್ನು ತೆರೆದು ನಿಂತದ್ದು ಸಣ್ಣ ಸಾಹಸವಲ್ಲ. ಅನೇಕ ಮಾರಾಟ ಸಂಘಗಳು ಇಲ್ಲಿಯೇ ಸೋತಿವೆ: ಹಳ್ಳಿಯಲ್ಲಿ ಉತ್ಸಾಹದಿಂದ ಕೊಂಡು, ಕೊನೆಗೆ ಯಾವ ವರ್ತಕನ ಹಿಡಿತದಿಂದ ತಪ್ಪಿಸಿಕೊಳ್ಳಬೇಕೆಂದು ಹುಟ್ಟಿದವೋ ಅದೇ ವರ್ತಕನಿಗೆ ಮಾರಿ ಕೈತೊಳೆದುಕೊಂಡಿವೆ.

ಇಷ್ಟಕ್ಕೂ ಬೇಕಾದದ್ದು ಬಂಡವಾಳ. ಧಾರಣೆ ಇಳಿದಾಗ ಕೊಳ್ಳುವುದೆಂದರೆ, ಬ್ಯಾಂಕಿನಿಂದ ಸಾಲ ತಂದು, ಬಡ್ಡಿ ಕಟ್ಟಿ, ಗೋದಾಮಿನಲ್ಲಿ ಮಾಲು ಇಟ್ಟುಕೊಂಡು, ಬೆಲೆ ಏರುವ ತನಕ ಕಾಯುವುದು. ಏರದಿದ್ದರೆ ನಷ್ಟ. ಆ ನಷ್ಟವನ್ನು ತಾಳಿಕೊಳ್ಳುವ ಶಕ್ತಿ ಬರುವುದು ಒಳ್ಳೆಯ ವರ್ಷಗಳಲ್ಲಿ ಹಂಚದೆ ಉಳಿಸಿದ ಹಣದಿಂದ. 2002ರ ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆ ನಿವ್ವಳ ಲಾಭದಲ್ಲಿ ನೂರಕ್ಕೆ ಕನಿಷ್ಠ 25 ಪಾಲನ್ನು ಮೀಸಲು ನಿಧಿಗೆ, ಕನಿಷ್ಠ 10 ಪಾಲನ್ನು ಅನಿರೀಕ್ಷಿತ ನಷ್ಟಗಳಿಗೆಂದು ಬೇರೆ ನಿಧಿಗೆ, 1 ಪಾಲನ್ನು ಸಹಕಾರ ಶಿಕ್ಷಣಕ್ಕೆ ತೆಗೆದಿಡಬೇಕೆನ್ನುತ್ತದೆ. ಲಾಭಾಂಶಕ್ಕೂ ಮಿತಿ ಇದೆ. ಮಹಾಸಭೆಯಲ್ಲಿ "ಇಷ್ಟು ಲಾಭ ಬಂದಿದೆ, ಡಿವಿಡೆಂಡ್ ಯಾಕೆ ಇಷ್ಟೇ?" ಎಂಬ ಪ್ರಶ್ನೆ ಪ್ರತಿ ಸಂಘದಲ್ಲೂ ಏಳುತ್ತದೆ. ಪ್ರಶ್ನೆ ಕೇಳುವುದು ಸದಸ್ಯನ ಹಕ್ಕು. ಆದರೆ ಮೀಸಲು ನಿಧಿ ಎಂದರೆ ಮುಂದಿನ ಕುಸಿತದ ದಿನ ಅವನದೇ ಅಡಿಕೆ ಕೊಳ್ಳಲು ಇಟ್ಟ ದುಡ್ಡು ಎಂಬುದನ್ನು ಅಧ್ಯಕ್ಷರಾದವರು ಧೈರ್ಯದಿಂದ, ಲೆಕ್ಕ ಬಿಚ್ಚಿ, ಕೇಳಿದವನಿಗೆ ಮನದಟ್ಟಾಗುವಂತೆ ಹೇಳಬೇಕು. ಹೇಳಲು ಅಂಜಿ ಹಂಚಿಬಿಟ್ಟ ಸಂಘಗಳಿಗೆ ಕೆಟ್ಟ ವರ್ಷ ಬಂದಾಗ ಸರಕಾರದ ಮುಂದೆ ಕೈಯೊಡ್ಡುವುದೊಂದೇ ದಾರಿ.

ಕ್ಯಾಂಪ್ಕೋದ ಇತಿಹಾಸದಲ್ಲಿ ನನ್ನನ್ನು ಬಹಳವಾಗಿ ಸೆಳೆಯುವ ಅಧ್ಯಾಯ ಕೊಕ್ಕೋದ್ದು. 1970ರ ದಶಕದಲ್ಲಿ ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೋ ಬೆಳೆಯಿರಿ ಎಂಬ ಪ್ರಚಾರ ಜೋರಾಗಿ ನಡೆಯಿತು. ಅಡಿಕೆಯೊಂದನ್ನೇ ನಂಬಿ ಕೈಸುಟ್ಟುಕೊಂಡಿದ್ದ ಬೆಳೆಗಾರರು ಹುರುಪಿನಿಂದ ಸಸಿ ನೆಟ್ಟರು. ಕೆಲ ವರ್ಷ ಧಾರಣೆಯೂ ಚೆನ್ನಾಗಿತ್ತು. ದಶಕದ ಕೊನೆಗೆ ಧಾರಣೆ ನೆಲಕಚ್ಚಿತು, ಪ್ರೋತ್ಸಾಹ ಕೊಟ್ಟಿದ್ದ ಖಾಸಗಿ ಕೊಳ್ಳುಗರು ಖರೀದಿಯಿಂದ ಹಿಂದೆ ಸರಿದರು. ಇಲ್ಲಿ ಅಡಿಕೆಗೂ ಕೊಕ್ಕೋಗೂ ಇರುವ ಒಂದು ವ್ಯತ್ಯಾಸ ನೆನಪಿಡಬೇಕು. ಒಣ ಅಡಿಕೆಯನ್ನು ವರ್ಷಗಟ್ಟಲೆ ಇಡಬಹುದು. ಹಳೆಯದಾದರೆ ಬೆಲೆಯೂ ಹೆಚ್ಚು. ಕೊಕ್ಕೋ ಕೋಡು ಒಡೆದರೆ ಒಳಗಿರುವುದು ಬಿಳಿ ಲೋಳೆ ಹತ್ತಿದ ಹಸಿ ಬೀಜ. ಅದನ್ನು ಕೂಡಲೇ ಪೆಟ್ಟಿಗೆಯಲ್ಲೋ ಬುಟ್ಟಿಯಲ್ಲೋ ಹಾಕಿ, ಮುಚ್ಚಿ, ನಡುನಡುವೆ ತಿರುವಿ, ಐದಾರು ದಿನ ಹುಳಿಬರಿಸಬೇಕು. ಬಿಸಿ ಏರಿ ಲೋಳೆ ಕರಗಿ ಹೋದ ಮೇಲೆ ಒಣಗಿಸಬೇಕು. ಆಗಲೇ ಅದಕ್ಕೆ ಚಾಕಲೇಟಿನ ಘಮ ಬರುವುದು. ಮಳೆಗಾಲದಲ್ಲೇ ಕೊಯ್ಲು ಬಿದ್ದರೆ ಬೆಳೆಗಾರನ ಮನೆಯಲ್ಲಿ ಇದನ್ನು ಸರಿಯಾಗಿ ಮಾಡುವುದು ಅಸಾಧ್ಯ. ಹಾಗಾಗಿ ಹಸಿ ಬೀಜವನ್ನು ಅಂದಂದೇ ಕೊಳ್ಳುವವರು ಬೇಕು. ಇಲ್ಲವಾದರೆ ಕೋಡು ಮರದಲ್ಲೇ ಕಪ್ಪಾಗುತ್ತದೆ, ಅಳಿಲು ತಿನ್ನುತ್ತದೆ.

ಬೆಳೆಗಾರರು ಮಂಗಳೂರಿಗೆ ಬಂದು ಕ್ಯಾಂಪ್ಕೋದ ಬಾಗಿಲು ತಟ್ಟಿದರು. ಅಡಿಕೆಗಾಗಿ ಹುಟ್ಟಿದ ಸಂಸ್ಥೆಗೆ ಕೊಕ್ಕೋದ ಅನುಭವ ಇರಲಿಲ್ಲ. "ಇದು ನಮ್ಮ ವ್ಯವಹಾರವಲ್ಲ" ಎನ್ನಬಹುದಿತ್ತು. ಲೆಕ್ಕಪರಿಶೋಧಕರು ಆ ಉತ್ತರವನ್ನೇ ಒಪ್ಪುತ್ತಿದ್ದರೇನೋ. ಆದರೆ 1979-80ರ ಸುಮಾರಿಗೆ ಸಂಸ್ಥೆ ಖರೀದಿಗೆ ಇಳಿಯಿತು. ಹಸಿ ಬೀಜ ಕೊಂಡು, ತಾನೇ ಹುಳಿಬರಿಸಿ ಒಣಗಿಸಿ, ಹೊರದೇಶಗಳಿಗೂ ಕಳಿಸಿತು. ಅಂತಾರಾಷ್ಟ್ರೀಯ ಪೇಟೆಯಲ್ಲಿ ಒಣ ಬೀಜ ಮಾರುವುದರಿಂದ ಬೆಳೆಗಾರನಿಗೆ ಹೆಚ್ಚು ಸಿಗದು, ನಮ್ಮ ಬೀಜವನ್ನು ನಾವೇ ಚಾಕಲೇಟ್ ಮಾಡಬೇಕು ಎಂಬ ಯೋಚನೆ ಹುಟ್ಟಿದ್ದು ಈ ಅನುಭವದಿಂದ. ಪುತ್ತೂರಿನ ಕೆಮ್ಮಿಂಜೆಯಲ್ಲಿ ಎದ್ದ ಚಾಕಲೇಟ್ ಕಾರ್ಖಾನೆಯನ್ನು 1986ರ ಸೆಪ್ಟೆಂಬರ್ 1ರಂದು ಆಗಿನ ರಾಷ್ಟ್ರಪತಿ ಗ್ಯಾನಿ ಜೈಲ್‌ಸಿಂಗ್ ಉದ್ಘಾಟಿಸಿದರು. ಬೀಜ ಹುರಿದು, ಸಿಪ್ಪೆ ತೂರಿ, ಅರೆದು, ಒತ್ತಿ ಬೆಣ್ಣೆ ಒಂದು ಕಡೆ, ಪುಡಿ ಒಂದು ಕಡೆ ತೆಗೆಯುವ ಕೆಲಸ ಅಡಿಕೆ ಸುಲಿದ ಕೈಗಳ ಊರಿನಲ್ಲಿ ಶುರುವಾಯಿತು. ತನ್ನ ಹೆಸರಿನಲ್ಲಿ ಚಾಕಲೇಟ್ ಮಾಡುವುದರ ಜೊತೆಗೆ ಬೇರೆ ದೊಡ್ಡ ಕಂಪನಿಗೂ ತಯಾರಿಸಿಕೊಟ್ಟು ಯಂತ್ರಗಳು ಖಾಲಿ ನಿಲ್ಲದಂತೆ ನೋಡಿಕೊಂಡದ್ದು ಒಳ್ಳೆಯ ವ್ಯವಹಾರ ಬುದ್ಧಿ. ಸ್ವಾಭಿಮಾನದ ಹೆಸರಿನಲ್ಲಿ ಅದನ್ನು ಬೇಡ ಎಂದಿದ್ದರೆ ಕಾರ್ಖಾನೆಯ ಮೊದಲ ವರ್ಷಗಳೇ ಭಾರವಾಗುತ್ತಿದ್ದವು.

ಕಾರ್ಖಾನೆ ಕಟ್ಟಿದ ಸಹಕಾರಿಗಳೆಲ್ಲ ಗೆದ್ದಿಲ್ಲ ಎಂಬುದನ್ನು ಮರೆಯುವ ಹಾಗಿಲ್ಲ. ನಮ್ಮದೇ ರಾಜ್ಯದಲ್ಲಿ ಎಷ್ಟೋ ಸಹಕಾರಿ ಸಕ್ಕರೆ ಕಾರ್ಖಾನೆಗಳು ಸಾಲದಲ್ಲಿ ನಿಂತವು. ಮಂಡ್ಯ ಜಿಲ್ಲೆಯ ಪಾಂಡವಪುರದ ಕಾರ್ಖಾನೆ 2020ರಲ್ಲಿ 40 ವರ್ಷದ ಗುತ್ತಿಗೆಯ ಮೇಲೆ ಖಾಸಗಿಯವರ ಕೈಗೆ ಹೋಯಿತು. ಸಕ್ಕರೆ ಕಾರ್ಖಾನೆಯ ಕಷ್ಟಕ್ಕೆ ಮಳೆ, ಕಬ್ಬಿನ ಲಭ್ಯತೆ, ಸಕ್ಕರೆ ಬೆಲೆ ಹೀಗೆ ಅನೇಕ ಕಾರಣಗಳಿವೆ, ಎಲ್ಲವನ್ನೂ ಆಡಳಿತದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಒಂದು ಮಾತು ನಿಲ್ಲುತ್ತದೆ. ಪುತ್ತೂರಿನಲ್ಲಿ ಬೆಳೆ ಮೊದಲಿತ್ತು, ಕೊಳ್ಳುವ ವ್ಯವಸ್ಥೆ ಆಮೇಲೆ ಬಂತು, ಕಾರ್ಖಾನೆ ಕೊನೆಗೆ ಬಂತು. ಶಂಕುಸ್ಥಾಪನೆಯ ಕಲ್ಲು ಮೊದಲು ನೆಟ್ಟು, ಕಚ್ಚಾಮಾಲು ಎಲ್ಲಿಂದ ಎಂದು ಆಮೇಲೆ ಹುಡುಕಿದ ಯೋಜನೆಗಳು ಹೆಚ್ಚು ದಿನ ಬಾಳಿಲ್ಲ.

ಆಡಳಿತದ ವಿಷಯಕ್ಕೆ ಬಂದರೆ, ಸಹಕಾರಿಯಲ್ಲಿ ಎರಡು ಅಧಿಕಾರಗಳಿರುತ್ತವೆ: ಚುನಾಯಿತ ಮಂಡಳಿ ಮತ್ತು ಸಂಬಳದ ಅಧಿಕಾರಿಗಳು. ಯಾವ ನೀತಿ, ಎಷ್ಟು ಅಪಾಯ, ಯಾರ ಹಿತ ಎಂಬುದನ್ನು ಮಂಡಳಿ ತೀರ್ಮಾನಿಸಬೇಕು. ದಿನದ ಖರೀದಿ, ಮಾರಾಟ, ನೇಮಕ, ಲೆಕ್ಕ ಇವೆಲ್ಲ ಅಧಿಕಾರಿಗಳ ಕೆಲಸ. ಗುಜರಾತಿನ ಆಣಂದದಲ್ಲಿ 1946ರಲ್ಲಿ ಶುರುವಾದ ಹಾಲು ಒಕ್ಕೂಟ ಇಡೀ ದೇಶಕ್ಕೆ ಮಾದರಿಯಾದದ್ದು ಈ ಗೆರೆಯನ್ನು ಕಾಪಾಡಿದ್ದರಿಂದ. ಹಳ್ಳಿ ಹಳ್ಳಿಯ ವಿಶ್ವಾಸ ಗಳಿಸಿದ್ದ ತ್ರಿಭುವನದಾಸ್ ಪಟೇಲರು ಅಧ್ಯಕ್ಷರು, 1949ರಲ್ಲಿ ಆಣಂದಕ್ಕೆ ಬಂದ ಎಂಜಿನಿಯರ್ ವರ್ಗೀಸ್ ಕುರಿಯನ್ ವ್ಯವಸ್ಥಾಪಕರು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕಲಿಲ್ಲ. ನಮ್ಮ ನಂದಿನಿಯ ಹಾಲು ಸಂಘಗಳ ಬೇರೂ ಆ ಮಾದರಿಯಲ್ಲಿದೆ. ಕ್ಯಾಂಪ್ಕೋದಲ್ಲೂ ಅಧ್ಯಕ್ಷರು ಬೆಳೆಗಾರರೊಳಗಿಂದ ಬರುತ್ತಾರೆ, ವ್ಯವಸ್ಥಾಪಕ ನಿರ್ದೇಶಕರು ವೃತ್ತಿಯಿಂದ ಬರುತ್ತಾರೆ. ಈ ಗೆರೆ ಅಳಿಸಿದ ದಿನ ಅಧ್ಯಕ್ಷರು ಗುಮಾಸ್ತರ ವರ್ಗಾವಣೆ ನೋಡುತ್ತ ಕುಳಿತಿರುತ್ತಾರೆ, ಅಧಿಕಾರಿಗಳು ಚುನಾವಣೆಯ ಲೆಕ್ಕ ಹಾಕುತ್ತಿರುತ್ತಾರೆ, ಗೋದಾಮಿನ ಮಾಲು ನೋಡುವವರು ಇರುವುದಿಲ್ಲ.

ಹೊರಗಿನಿಂದ ಬಂದವರು ಗಮನಿಸದ ಇನ್ನೊಂದು ಬಲ ಈ ಸೀಮೆಗಿದೆ. ಇಲ್ಲಿಯ ಬೆಳೆಗಾರ ಓದುತ್ತಾನೆ, ಬರೆಯುತ್ತಾನೆ, ವಾದ ಮಾಡುತ್ತಾನೆ. ಕೃಷಿಕರೇ ಲೇಖಕರಾದ ಅಡಿಕೆ ಪತ್ರಿಕೆ ಪುತ್ತೂರಿನಿಂದ 1988ರಲ್ಲಿ ಹೊರಟಿತು. ವಿಟ್ಲದ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಕೇಂದ್ರದ ವಿಜ್ಞಾನಿಗಳನ್ನು ತೋಟಕ್ಕೆ ಕರೆದು ತರುವುದೂ, ಅವರು ಹೇಳಿದ್ದು ತಪ್ಪೆನಿಸಿದರೆ ಮುಖಕ್ಕೆ ಹೇಳುವುದೂ ಇಲ್ಲಿ ವಾಡಿಕೆ. ಮರ ಏರುವವರು ಸಿಗದ ಕಾಲ ಬಂದಾಗ ಕ್ಯಾಂಪ್ಕೋ ಮುಂದೆ ನಿಂತು ಪುತ್ತೂರಿನಲ್ಲಿ ಅಡಿಕೆ ಯಂತ್ರ ಮೇಳ ನಡೆಸಿತು. ನೆಲದಲ್ಲೇ ನಿಂತು ಮದ್ದು ಬಿಡುವ, ಕೊನೆ ಕೊಯ್ಯುವ ಫೈಬರ್ ದೋಟಿ ತೋಟಗಳಿಗೆ ಬಂತು. ಮಾರಾಟದ ಸಂಸ್ಥೆಗೆ ಮರ ಏರುವ ಕಷ್ಟ ಯಾಕೆ ಎಂದು ಯಾರೂ ಕೇಳಲಿಲ್ಲ. ಕೊಯ್ಲೇ ಆಗದಿದ್ದರೆ ಮಾರುವುದೇನನ್ನು?

ಇಂಥ ಸ್ಮರಣ ಸಂಚಿಕೆಯಲ್ಲಿ ಸಂಕಟದ ಮಾತು ಬೇಡ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರಿಗೆ ಇದು ನುಂಗಲಾರದ ತುತ್ತು. ಆದರೆ ಬಾಯಿ ಮುಚ್ಚಿಕೊಂಡರೆ ತೀರ್ಪು ಬದಲಾಗುವುದಿಲ್ಲ. ಸಂಶೋಧನೆಗೆ ಸಂಶೋಧನೆಯಿಂದಲೇ ಉತ್ತರ ಹುಡುಕಬೇಕು, ಬಂದ ಉತ್ತರ ನಮಗೆ ಹಿಡಿಸದಿದ್ದರೂ ಒಪ್ಪಿಕೊಂಡು ದಾರಿ ನೋಡಬೇಕು. ಹೊರದೇಶದ ಅಗ್ಗದ ಅಡಿಕೆ ಒಳನುಗ್ಗದಂತೆ ಕೇಂದ್ರ ಸರಕಾರ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದೆ. ಅದರಿಂದ ಸಹಾಯವಾಗಿದೆ, ಆದರೆ ಸರಕಾರದ ಆದೇಶದ ಮೇಲೆ ನಿಂತ ಧಾರಣೆ ಸರಕಾರದ ಆದೇಶದಿಂದಲೇ ಬೀಳಬಹುದು. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಕಡೆ ಹಳದಿ ರೋಗ ತೋಟಗಳನ್ನೇ ಬರಿದು ಮಾಡಿದೆ. ಎಲೆಚುಕ್ಕಿ ರೋಗ ಈಚೆಗೆ ಮಲೆನಾಡಿನಲ್ಲೂ ಹಬ್ಬಿದೆ. ಇನ್ನೊಂದೆಡೆ ಬಯಲುಸೀಮೆಯಲ್ಲಿ ಭತ್ತದ ಗದ್ದೆ, ತೆಂಗಿನ ತೋಟಗಳಿಗೆಲ್ಲ ಅಡಿಕೆ ಸಸಿ ಬೀಳುತ್ತಿದೆ. ಈ ಸಸಿಗಳೆಲ್ಲ ಫಲಕ್ಕೆ ಬಂದಾಗ ಏನಾದೀತು ಎಂದು ಯೋಚಿಸಲು 1970ರ ನೆನಪು ಸಾಕು. ಕ್ಯಾಂಪ್ಕೋ ಕಾಳುಮೆಣಸು, ರಬ್ಬರ್, ತೆಂಗಿನತ್ತ ಕೈಚಾಚಿದ್ದನ್ನು ಕೆಲವರು ಗಮನ ಚದುರಿದೆ ಎಂದು ಟೀಕಿಸಿದ್ದಾರೆ. ಬೆಳೆಗಾರನ ತೋಟದಲ್ಲಿ ಏನೇನು ಬೆಳೆಯುತ್ತದೋ ಅದು ಸಂಸ್ಥೆಯ ವ್ಯವಹಾರ ಎಂಬ ನಿಲುವನ್ನು ಕೊಕ್ಕೋದ ಅನುಭವ ಸಮರ್ಥಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಪೇಟೆಗಳೆಲ್ಲ ಮುಚ್ಚಿದಾಗ ಐವತ್ತು ವರ್ಷದ ಹಿಂದಿನ ಭಯ ಮತ್ತೆ ತಲೆಯೆತ್ತಿತು. ಲಾರಿ ಇಲ್ಲ, ಉತ್ತರ ಭಾರತದಲ್ಲಿ ಅಂಗಡಿ ತೆರೆದಿಲ್ಲ, ಅಡಿಕೆ ಕೊಂಡು ಎಲ್ಲಿ ಇಡುವುದು? ಏಪ್ರಿಲ್‌ನಲ್ಲಿ ಕ್ಯಾಂಪ್ಕೋ ಒಬ್ಬರಿಗೆ ಇಷ್ಟೇ ಎಂಬ ಮಿತಿ ಹಾಕಿ, ಸರದಿಯಂತೆ ಬರಹೇಳಿ, ಸದಸ್ಯರಿಂದ ಖರೀದಿ ಶುರುಮಾಡಿತು. ಮನೆಖರ್ಚಿಗೆ ಸಾಕಾಗುವಷ್ಟು ದುಡ್ಡು ಕೈಸೇರಿದ್ದಕ್ಕಿಂತ ದೊಡ್ಡದು, ಕೊಳ್ಳುವವರಿದ್ದಾರೆ ಎಂಬ ಧೈರ್ಯ. ಹೆದರಿ ಸಿಕ್ಕ ದರಕ್ಕೆ ಮಾರುವ ನೂಕುನುಗ್ಗಲು ಆಗಲಿಲ್ಲ. ಆಮದು ನಿಂತದ್ದರಿಂದ ಮುಂದಿನ ತಿಂಗಳುಗಳಲ್ಲಿ ಧಾರಣೆ ಏರಿತು, ಕಾದವರಿಗೆ ಅದು ಸಿಕ್ಕಿತು.

ಧಾರಣೆ ಏರಿದ ವರ್ಷಗಳಲ್ಲಿ ಸಂಸ್ಥೆಯನ್ನು ಕಾಡುವ ಕಷ್ಟ ಬೇರೆ. ಹೊರಗಿನ ಅಂಗಡಿಯಲ್ಲಿ ಕಿಲೋಗೆ ಎರಡು ರೂಪಾಯಿ ಹೆಚ್ಚು ಎಂದಾಗ ಸದಸ್ಯರು ಅತ್ತ ಹೋಗುತ್ತಾರೆ. ಖಾಸಗಿಯವರು ಬಿಲ್ಲಿಲ್ಲದೆ ಕೊಂಡು ತೆರಿಗೆ ತಪ್ಪಿಸಿ ಕೊಡುವ ಆ ಎರಡು ರೂಪಾಯಿಯನ್ನು, ಪ್ರತಿ ಕಿಲೋಗೂ ತೆರಿಗೆ ಕಟ್ಟುವ ಸಹಕಾರಿ ಕೊಡಲಾರದು. ಮಾಲು ಬಾರದಿದ್ದರೆ ಡಿಪೋ, ನೌಕರರು, ಗೋದಾಮು ಎಲ್ಲದರ ಖರ್ಚು ಸಂಸ್ಥೆಯ ಮೈಮೇಲೆ. ಧಾರಣೆ ಬಿದ್ದ ವರ್ಷ ಎಲ್ಲರೂ ಸಾಲುಗಟ್ಟಿ ಬರುತ್ತಾರೆ. ಬೀಳುವಾಗ ಮಾತ್ರ ಕೊಂಡು ಏರುವಾಗ ಮಾಲೇ ಸಿಗದ ಸಂಸ್ಥೆಯನ್ನು ಯಾವ ಅಧ್ಯಕ್ಷರೂ, ಯಾವ ವ್ಯವಸ್ಥಾಪಕರೂ ಬಹಳ ಕಾಲ ಉಳಿಸಲಾರರು.

ಆದ್ದರಿಂದ ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದ ಸದಸ್ಯ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟು. ಧಾರಣೆ ಚೆನ್ನಾಗಿರುವ ವರ್ಷವೂ ನಿಮ್ಮ ಬೆಳೆಯ ಒಂದು ಪಾಲನ್ನು ನಿಮ್ಮ ಸಂಸ್ಥೆಗೇ ಹಾಕಿ. ವಾರ್ಷಿಕ ವರದಿ ಮನೆಗೆ ಬಂದಾಗ ಆಸ್ತಿ-ಜವಾಬ್ದಾರಿ ತಖ್ತೆಯ ಪುಟ ತೆರೆದು, ಮೀಸಲು ನಿಧಿ ಎಷ್ಟಿದೆ, ದಾಸ್ತಾನು ಎಷ್ಟಿದೆ ನೋಡಿ. ಅರ್ಥವಾಗದಿದ್ದರೆ ಮಹಾಸಭೆಗೆ ಬಂದು ಕೇಳಿ. ತೋಟದ ಕೆಲಸದ ಅರ್ಧ ಹೊತ್ತಿರುವ ನಮ್ಮ ಹೆಣ್ಣುಮಕ್ಕಳ ಹೆಸರು ಪಹಣಿಯಲ್ಲಿ ಇಲ್ಲದ ಕಾರಣಕ್ಕೆ ಸದಸ್ಯರ ಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ಸರಿಪಡಿಸುವುದು ನಿಮ್ಮ ಮನೆಯಿಂದಲೇ ಶುರುವಾಗಲಿ. ಮುಂದಿನ ಮಹಾಸಭೆಗೆ ಮಗಳನ್ನೋ ಸೊಸೆಯನ್ನೋ ಪಾಲು ಹಣ ಕಟ್ಟಿಸಿ ಸದಸ್ಯಳನ್ನಾಗಿ ಕರೆದುಕೊಂಡು ಬನ್ನಿ.